ನೀರು ಕಾದರೆ ಸಾಲದು: ಇಮ್ಮರ್ಷನ್ ರಾಡ್‌ನ ದೋಷ ಹುಡುಕುವ ಬಗೆ

ಪುಣೆಯಲ್ಲಿ ದೀಪಾವಳಿ ಕಳೆಯುತ್ತಿದ್ದಂತೆ ನಲ್ಲಿ ನೀರು ಕೈ ಕೊರೆಯತೊಡಗುತ್ತದೆ. ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಅಲ್ಲಿನ ತಾಪಮಾನ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಮುಂಬೈ, ಗೋವಾದಲ್ಲಿ ಅಷ್ಟು ಚಳಿಯಿಲ್ಲ, ಆದರೂ ಮಕ್ಕಳಿಗೆ, ವಯಸ್ಸಾದವರಿಗೆ, ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಒಂದು ಬಕೆಟ್ ಬಿಸಿನೀರು ಬೇಕೇ ಬೇಕು. ಹಿಂಜವಡಿ, ವಾಕಡ್‌ನ ಪಿಜಿಗಳಲ್ಲಿರುವ ಹುಬ್ಬಳ್ಳಿ, ಬೆಳಗಾವಿಯ ಹುಡುಗರಿಗೂ, ಭಾಂಡುಪ್, ಡೊಂಬಿವಲಿಯ ಹಳೆಯ ಕಟ್ಟಡಗಳಲ್ಲಿರುವ ಕನ್ನಡ ಕುಟುಂಬಗಳಿಗೂ, ವಾಸ್ಕೋದ ಬೈನಾ, ಝುವಾರಿನಗರದ ಬಾಡಿಗೆ ಖೋಲಿಗಳಲ್ಲಿರುವ ಬಾಗಲಕೋಟೆ, ವಿಜಯಪುರದವರಿಗೂ ಗೀಸರ್ ಹಾಕಿಸುವ ಅನುಕೂಲ ಎಲ್ಲ ಕಡೆ ಇರುವುದಿಲ್ಲ. ಮನೆ ಮಾಲೀಕರು ಗೋಡೆ ಕೊರೆಯಲು ಒಪ್ಪುವುದಿಲ್ಲ, ಇಲ್ಲವೇ ಹನ್ನೊಂದು ತಿಂಗಳಿಗೆ ಖೋಲಿ ಬದಲಾಗುತ್ತದೆ. ಹಾಗಾಗಿ ಕೆಲವು ನೂರು ರೂಪಾಯಿಯ ರಾಡ್ ಬರುತ್ತದೆ. ಕೆಲವರು ಕಾಯಿಲ್ ಅನ್ನುತ್ತಾರೆ, ಕೆಲವರು ಬರೀ ಹೀಟರ್ ಅನ್ನುತ್ತಾರೆ.

ಮಳೆಗಾಲವೆಲ್ಲ ಅಟ್ಟದ ಮೇಲೆ ಬಿದ್ದಿದ್ದ ಆ ರಾಡ್ ಚಳಿಗೆ ಕೆಳಗಿಳಿದಾಗಲೇ ತೊಂದರೆಗಳು ಶುರುವಾಗುವುದು. ನೀರು ಕಾಯುವುದಿಲ್ಲ, ಮೇನ್ ಬೀಳುತ್ತದೆ, ಪ್ಲಗ್ ಸುಟ್ಟ ವಾಸನೆ ಬರುತ್ತದೆ, ನೀರು ಮುಟ್ಟಿದರೆ ಜುಮ್ ಅನ್ನುತ್ತದೆ. ಇವುಗಳಲ್ಲಿ ನಾವು ಹೆಚ್ಚು ತಲೆಕೆಡಿಸಿಕೊಳ್ಳುವುದು ನೀರು ಕಾಯದಿದ್ದಾಗ. ಆದರೆ ಜೀವ ತೆಗೆಯುವುದು ಹೆಚ್ಚಾಗಿ ಚೆನ್ನಾಗಿ ಕಾಯಿಸುತ್ತಲೇ ಇರುವ ರಾಡ್. ನೀರು ಕಾಯುತ್ತಿದೆಯೇ ಎಂಬುದು ಒಂದು ಪರೀಕ್ಷೆ, ರಾಡ್ ಮುಟ್ಟಲು ಯೋಗ್ಯವೇ ಎಂಬುದು ಬೇರೆಯದೇ ಪರೀಕ್ಷೆ. ಮೊದಲನೆಯದರಲ್ಲಿ ಪಾಸಾದ ಮಾತ್ರಕ್ಕೆ ಎರಡನೆಯದರಲ್ಲಿ ಪಾಸಾಗಿದೆ ಎಂದುಕೊಳ್ಳಬಾರದು.

ಕೊಳವೆಯ ಒಳಗೆ ಏನಿದೆ

ಹೊರಗೆ ಕಾಣುವ ಸುರುಳಿ ತಾಮ್ರದ ಕೊಳವೆ. ಸಾಮಾನ್ಯವಾಗಿ ಅದರ ಮೇಲೆ ನಿಕ್ಕಲ್ ಲೇಪ ಇರುತ್ತದೆ. ಕರೆಂಟ್ ಹರಿಯುವುದು ಈ ಕೊಳವೆಯಲ್ಲಲ್ಲ. ಅದರ ನಟ್ಟನಡುವೆ ನೈಕ್ರೋಮ್ ಎಂಬ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹದ ಸಣ್ಣ ತಂತಿ ಸ್ಪ್ರಿಂಗಿನಂತೆ ಸುತ್ತಿಕೊಂಡು ಹಾದುಹೋಗಿರುತ್ತದೆ, ಕಾಯುವುದು ಅದು. ತಂತಿ ಮತ್ತು ಕೊಳವೆಯ ನಡುವಿನ ಜಾಗದಲ್ಲಿ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಬಿಸಿಯನ್ನು ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ. ನೀರಿಗೂ 230 ವೋಲ್ಟಿಗೂ ನಡುವೆ ಇರುವ ಕಾವಲು ಈ ಪುಡಿಯೊಂದೇ.

ಅದಕ್ಕೊಂದು ದೌರ್ಬಲ್ಯವಿದೆ: ತೇವ ಹೀರುತ್ತದೆ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ, ಹಿಡಿಕೆಯ ಬಳಿಯ ಸೀಲ್ ಬಿರುಕು ಬಿಟ್ಟರೂ ನೀರಿನಂಶ ಒಳಸೇರುತ್ತದೆ, ಪುಡಿ ಕರೆಂಟನ್ನು ತಡೆಯಲಾಗದೆ ಸೋರಲು ಬಿಡುತ್ತದೆ. ತಂತಿಗೆ ಮಾತ್ರ ಏನೂ ಆಗಿರುವುದಿಲ್ಲ. ಹಾಗಾಗಿ ನೀರು ಎಂದಿನಂತೆ ಕಾಯುತ್ತಲೇ ಇರುತ್ತದೆ.

ಮೇಲಿನ ಹಿಡಿಕೆಯಿಂದ ಮೂರು ತಂತಿಗಳ ವಯರ್ ಹೊರಡುತ್ತದೆ. ಕಂದು ಬಣ್ಣದ್ದು ಕರೆಂಟ್ ತರುವ ಫೇಸ್, ನೀಲಿ ಅದು ಮರಳುವ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥಿಂಗ್. ಹಳೆಯ ವಯರಿನಲ್ಲಿ ಇವು ಕೆಂಪು, ಕಪ್ಪು, ಹಸಿರು. ಅರ್ಥಿಂಗ್ ತಂತಿ ಕೂಡಿರುವುದು ಹೊರಗಿನ ಕೊಳವೆಗೆ. ಒಳಗಿನಿಂದ ಕರೆಂಟ್ ಸೋರಿದರೆ ಅದು ಕೊಳವೆಯಿಂದ ಈ ತಂತಿಯ ಮೂಲಕ ನೆಲ ಸೇರಲಿ, ಮನುಷ್ಯನ ಮೈಯ ಮೂಲಕ ಬೇಡ ಎಂಬುದು ಅದರ ಉದ್ದೇಶ.

ರಾಡ್ ನೋಡುವ ಮೊದಲು ಗೋಡೆ ನೋಡಿ

ಹೊಸ ರಾಡ್ ತಂದರೂ ಶಾಕ್ ಹೊಡೆಯುವುದು ನಿಲ್ಲದ ಮನೆಗಳಿವೆ. ಅಲ್ಲಿ ದೋಷ ಸಾಕೆಟ್ಟಿನದು. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ಬಂದಿದೆ ಎಂದಲ್ಲ. ಹಳೆಯ ಚಾಳುಗಳಲ್ಲಿ, ಅವಸರದಲ್ಲಿ ಕಟ್ಟಿ ಬಾಡಿಗೆಗೆ ಬಿಟ್ಟ ಖೋಲಿಗಳಲ್ಲಿ ಆ ತೂತಿನ ಹಿಂದೆ ತಂತಿಯೇ ಇಲ್ಲದಿರುವುದು ಸಾಮಾನ್ಯ.

ಇದನ್ನು ವಯರ್‌ಮನ್ ಒಬ್ಬರಿಂದ ನೋಡಿಸುವುದು ಒಳ್ಳೆಯದು, ಐದು ನಿಮಿಷದ ಕೆಲಸ. ಫೇಸ್ ಮತ್ತು ಅರ್ಥಿಂಗ್ ನಡುವೆ ಸುಮಾರು 230 ವೋಲ್ಟ್ ಬರಬೇಕು, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಬರಬಾರದು. ಆದರೆ ವೋಲ್ಟ್ ಅಳೆಯುವ ಮೀಟರ್ ಒಂದನ್ನೇ ನಂಬುವಂತಿಲ್ಲ. ಎಲ್ಲೋ ತುಕ್ಕು ಹಿಡಿದು ಹೆಸರಿಗಷ್ಟೇ ಉಳಿದ ಅರ್ಥಿಂಗ್ ಇದ್ದರೂ ಅದು 230 ತೋರಿಸಬಹುದು. ಅದಕ್ಕೇ ಅನುಭವಿ ವಯರ್‌ಮನ್ ಫೇಸ್ ಮತ್ತು ಅರ್ಥಿಂಗ್ ನಡುವೆ 100 ವ್ಯಾಟ್ ಬಲ್ಬ್ ಹಚ್ಚಿ ನೋಡುತ್ತಾನೆ. ಪೂರ್ತಿ ಬೆಳಕು ಬಂದರೆ ಆ ತಂತಿ ಭಾರ ಹೊರುತ್ತದೆ ಎಂದರ್ಥ, ಮಂಕಾಗಿ ಉರಿದರೆ ಅರ್ಥಿಂಗ್ ಸೊರಗಿದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸಾಧನ) ಇರುವ ಮನೆಯಲ್ಲಿ ಬಲ್ಬ್ ಹಚ್ಚಿದ ತಕ್ಷಣ ಅದು ಬೀಳಬೇಕು, ಅದೂ ಒಳ್ಳೆಯ ಲಕ್ಷಣವೇ.

ಎರಡು ಅಡ್ಡದಾರಿಗಳನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ. ಸಾಕೆಟ್ ಹಿಂದೆ ಅರ್ಥಿಂಗ್ ತೂತಿಗೂ ನ್ಯೂಟ್ರಲ್ಲಿಗೂ ಒಂದು ತುಂಡು ತಂತಿ ಜೋಡಿಸುವುದು ಮೊದಲನೆಯದು. ಕಟ್ಟಡದಲ್ಲಿ ಎಲ್ಲಾದರೂ ನ್ಯೂಟ್ರಲ್ ತಪ್ಪಿದ ಕ್ಷಣ ರಾಡ್‌ನ ಕೊಳವೆಗೆ ನೇರ 230 ವೋಲ್ಟ್ ಬಂದು ನಿಲ್ಲುತ್ತದೆ, ರಾಡ್ ಹೊಚ್ಚಹೊಸದಾಗಿದ್ದರೂ. ಎರಡನೆಯದು ಅರ್ಥಿಂಗ್ ತಂತಿಯನ್ನು ನೀರಿನ ನಲ್ಲಿಗೆ ಸುತ್ತುವುದು. ಈಗಿನ ಕೊಳಾಯಿಗಳು ಪ್ಲಾಸ್ಟಿಕ್ಕಿನವು, ಕರೆಂಟ್ ನೆಲಕ್ಕಿಳಿಯುವ ದಾರಿಯೇ ಇಲ್ಲ. ಸೋರಿದ ಕರೆಂಟ್ ಪಕ್ಕದ ಮನೆಯವರ ನಲ್ಲಿಯಲ್ಲಿ ಕಾಣಿಸಿಕೊಳ್ಳಬಹುದು.

ಗೋವಾದಲ್ಲಿ ಇನ್ನೊಂದು ತೊಡಕು. ಅಲ್ಲಿನ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಕರೆಂಟನ್ನು ಸರಾಗವಾಗಿ ಹೀರಿಕೊಳ್ಳುವುದಿಲ್ಲ. ಅರ್ಥಿಂಗಿನ ರೋಧ 20 ಓಮ್‌ಗೆ ಏರಿತೆಂದುಕೊಳ್ಳಿ. ಆಗ ಕೊಳವೆಗೆ ಪೂರ್ತಿ ಫೇಸ್ ತಗುಲಿದರೂ ನೆಲಕ್ಕೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪಿಯರ್ ಮಾತ್ರ. ಭಾರ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚಾದ 16 ಆಂಪಿಯರಿನ ಎಂಸಿಬಿಗೆ ಇದು ಮಾಮೂಲಿ ಭಾರ, ಅದು ಬೀಳುವುದೇ ಇಲ್ಲ. ಕರಾವಳಿಯ ಮನೆಗಳಲ್ಲಿ ಆರ್‌ಸಿಸಿಬಿ ಬೇಕೇ ಬೇಕು ಎನ್ನುವುದಕ್ಕೆ ಇದೇ ಕಾರಣ.

ಮಲ್ಟಿಮೀಟರಿನಲ್ಲಿ ಮೂರು ಅಳತೆ

ಪ್ಲಗ್ಗನ್ನು ಸಾಕೆಟ್ಟಿನಿಂದ ಪೂರ್ತಿ ಕಿತ್ತು ಹೊರಗಿಟ್ಟ ಮೇಲೆ ಮಾಡುವ ಪರೀಕ್ಷೆ ಇದು. ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಪ್ಲಗ್‌ನ ಉದ್ದನೆಯ ದಪ್ಪ ಪಿನ್ ಅರ್ಥಿಂಗಿನದು, ಉಳಿದೆರಡು ಫೇಸ್ ಮತ್ತು ನ್ಯೂಟ್ರಲ್.

ಮೊದಲ ಅಳತೆ ಸಣ್ಣ ಪಿನ್ನುಗಳೆರಡರ ನಡುವೆ, 200 ಓಮ್ ರೇಂಜಿನಲ್ಲಿ. ಎಷ್ಟು ಬರಬೇಕೆಂದು ಲೆಕ್ಕ ಹಾಕುವುದು ಸುಲಭ: ರಾಡ್ ಮೇಲೆ ಬರೆದ ವೋಲ್ಟನ್ನು ಅದರಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿ. 230 ವೋಲ್ಟಿನ 1000 ವ್ಯಾಟ್ ರಾಡ್‌ಗೆ ಸುಮಾರು 53 ಓಮ್, 1500 ವ್ಯಾಟ್‌ಗೆ 35, 2000 ವ್ಯಾಟ್‌ಗೆ 26. ಒಂದೆರಡು ಓಮ್ ಆಚೀಚೆ ಆದರೆ ಚಿಂತೆಯಿಲ್ಲ. ಮೀಟರ್ ಅಂಕಿಯನ್ನೇ ತೋರಿಸದೆ ಎಡಕ್ಕೆ ಒಂದು 1 ಅಥವಾ ಓಎಲ್ ಎಂದು ನಿಂತರೆ ದಾರಿ ಎಲ್ಲೋ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ.

ಎರಡನೆಯದು ಅರ್ಥಿಂಗ್ ಪಿನ್ ಮತ್ತು ಕೊಳವೆಯ ಲೋಹದ ನಡುವೆ. ಕೊಳವೆಯ ಮೇಲೆ ಸುಣ್ಣ ಕಟ್ಟಿದ್ದರೆ ಅಲ್ಲಿ ಸ್ವಲ್ಪ ಉಜ್ಜಿ ಲೋಹ ಕಾಣುವಂತೆ ಮಾಡಿಕೊಳ್ಳಿ. 1 ಓಮ್‌ಗಿಂತ ಕಡಿಮೆ ಬರಬೇಕು. ಇಲ್ಲಿ ಓಎಲ್ ಬಂದರೆ ರಾಡ್‌ಗೆ ಅರ್ಥಿಂಗ್ ರಕ್ಷಣೆಯೇ ಇಲ್ಲ. ನೀರು ಎಷ್ಟು ಚೆನ್ನಾಗಿ ಕಾದರೂ ಬಳಸುವಂತಿಲ್ಲ.

ಮೂರನೆಯದೇ ಮುಖ್ಯ. ಸಣ್ಣ ಪಿನ್ನುಗಳಲ್ಲಿ ಒಂದು ಮತ್ತು ಅರ್ಥಿಂಗ್ ಪಿನ್ ನಡುವೆ, ಮೀಟರಿನ ಅತಿ ದೊಡ್ಡ ಓಮ್ ರೇಂಜಿನಲ್ಲಿ. ಇಲ್ಲಿ ಓಎಲ್ ಬರುವುದೇ ಸರಿ. ಯಾವ ಅಂಕಿ ಕಂಡರೂ ಅನುಮಾನ ಪಡಿ, 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ರಾಡ್ ಮುಟ್ಟಲು ಯೋಗ್ಯವಲ್ಲ. ಒಣಗಿದ ರಾಡ್‌ನಲ್ಲಿ ಬಿರುಕು ಅಡಗಿರುತ್ತದೆ. ಅದಕ್ಕೆ ಪ್ಲಗ್ ಹೊರಗೇ ಇಟ್ಟು ಕೊಳವೆಯನ್ನು ಗುರುತಿನ ಮಟ್ಟದವರೆಗೆ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟು ಮತ್ತೆ ಅಳೆಯಿರಿ. ಒಣಗಿದ್ದಾಗ ಓಎಲ್, ನೆನೆದ ಮೇಲೆ ಅಂಕಿ ಬಂದರೆ ಕೊಳವೆ ತೂತಾಗಿದೆ. ಸಾದಾ ಮೀಟರ್ ಪರೀಕ್ಷಿಸುವುದು ಬ್ಯಾಟರಿಯ ಕೆಲವೇ ವೋಲ್ಟಿನಲ್ಲಿ, ಆದ್ದರಿಂದ ಅದರಲ್ಲಿ ಫೇಲಾದದ್ದು ಖಂಡಿತ ಫೇಲು, ಪಾಸಾದದ್ದು ಖಂಡಿತ ಪಾಸಲ್ಲ. ಖಚಿತ ಉತ್ತರ ಬೇಕಿದ್ದರೆ 500 ವೋಲ್ಟ್ ಹಾಯಿಸಿ ಸೋರಿಕೆ ಪರೀಕ್ಷಿಸುವ ಮೆಗ್ಗರ್ ಇರುವವರ ಬಳಿ ಒಯ್ಯಬೇಕು, ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಅದು ಇರುತ್ತದೆ.

ಕಾಯುವುದೇ ಇಲ್ಲ

ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಚ್ಚಿ ನೋಡಿ. ಅದೂ ಕಾಯದಿದ್ದರೆ ರಾಡ್‌ನ ತಪ್ಪಿಲ್ಲ. ಅದು ಕಾದು, ರಾಡ್‌ನ ಮೊದಲ ಅಳತೆಯಲ್ಲಿ ಓಎಲ್ ಬಂದಿದ್ದರೆ ಪ್ಲಗ್ ಬಿಚ್ಚಿ. ಸ್ಕ್ರೂ ಸಡಿಲಾಗಿ ತಂತಿ ಸುಟ್ಟು ಕಳಚಿಕೊಂಡಿರುವುದೇ ಹೆಚ್ಚು. ಪ್ಲಗ್ ಸರಿಯಿದ್ದರೆ ಮೀಟರ್ ಹಚ್ಚಿಕೊಂಡೇ ಹಿಡಿಕೆಯ ಕತ್ತಿನ ಬಳಿ ವಯರನ್ನು ಅತ್ತಿತ್ತ ಬಾಗಿಸಿ. ಅಂಕಿ ಬಂದು ಹೋಗುತ್ತಿದ್ದರೆ ತಂತಿ ಒಳಗೆ ತುಂಡಾಗಿದೆ. ದಿನವೂ ವಯರನ್ನು ರಾಡ್‌ಗೆ ಬಿಗಿಯಾಗಿ ಸುತ್ತಿಡುವವರ ಮನೆಯಲ್ಲಿ ಇದು ಬೇಗ ಆಗುತ್ತದೆ.

ಎರಡೂ ಕಡೆ ಏನೂ ಸಿಗದಿದ್ದರೆ ಒಳಗಿನ ನೈಕ್ರೋಮ್ ತಂತಿಯೇ ಹೋಗಿದೆ. ಅದಕ್ಕೆ ರಿಪೇರಿ ಇಲ್ಲ.

ಕಾಯುತ್ತದೆ, ಆದರೆ ತಾಸುಗಟ್ಟಲೆ

ನಿಧಾನ ಎಂದು ತೀರ್ಮಾನಿಸುವ ಮೊದಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕ ಗೊತ್ತಿರಲಿ. ಲೀಟರನ್ನು ಎಷ್ಟು ಡಿಗ್ರಿ ಏರಬೇಕೋ ಅದರಿಂದ ಗುಣಿಸಿ, ಮತ್ತೆ 70ರಿಂದ ಗುಣಿಸಿ, ರಾಡ್‌ನ ವ್ಯಾಟಿನಿಂದ ಭಾಗಿಸಿದರೆ ನಿಮಿಷ ಸಿಗುತ್ತದೆ. 15 ಲೀಟರ್ ನೀರು 20 ಡಿಗ್ರಿಯಿಂದ 45ಕ್ಕೆ ಏರಲು 1500 ವ್ಯಾಟ್ ರಾಡ್‌ಗೆ ಹದಿನೇಳೂವರೆ ನಿಮಿಷ, 1000 ವ್ಯಾಟ್‌ನದಕ್ಕೆ 26 ನಿಮಿಷ. ಆವಿಯಾಗಿ, ಬಕೆಟ್ಟಿನ ಗೋಡೆಯಿಂದ ಹೋಗುವ ಬಿಸಿಗೆಂದು ಎರಡು ಮೂರು ನಿಮಿಷ ಸೇರಿಸಿ. ವಿದ್ಯುತ್ ಖರ್ಚು ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಅರ್ಧ ಯೂನಿಟ್ಟಿನ ಹತ್ತಿರ. ಸಣ್ಣ ರಾಡ್ ತಂದರೆ ಬಿಲ್ ಉಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಇದಕ್ಕಿಂತ ತೀರಾ ಹೆಚ್ಚು ಹೊತ್ತು ಹಿಡಿದರೆ ಮೊದಲ ಅನುಮಾನ ವೋಲ್ಟೇಜಿನ ಮೇಲಿರಲಿ. ವೋಲ್ಟ್ ಸ್ವಲ್ಪ ಇಳಿದರೂ ಬಿಸಿಯ ಶಕ್ತಿ ಬಹಳ ಇಳಿಯುತ್ತದೆ, ಏಕೆಂದರೆ ಅದು ವೋಲ್ಟಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 230 ಇರಬೇಕಾದದ್ದು 190ಕ್ಕೆ ಬಿದ್ದರೆ 1500 ವ್ಯಾಟ್ ರಾಡ್ ಸುಮಾರು 1020 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ, ಹದಿನೇಳೂವರೆ ನಿಮಿಷದ ಕೆಲಸಕ್ಕೆ ಸುಮಾರು 26 ನಿಮಿಷ ಬೇಕಾಗುತ್ತದೆ. ಒಂದೇ ಮೀಟರಿನಿಂದ ಹತ್ತು ಖೋಲಿಗೆ ತಂತಿ ಎಳೆದ ಕಟ್ಟಡದಲ್ಲಿ ಎಲ್ಲರೂ ಬೆಳಗಿನ ಏಳಕ್ಕೇ ರಾಡ್ ಹಾಕಿದಾಗ ಆಗುವುದು ಇದೇ. ಆರು ಗಂಟೆಗೆ ಹಾಕಿ ಹೋಲಿಸಿ ನೋಡಿದರೆ ತಿಳಿದುಬಿಡುತ್ತದೆ.

ಇನ್ನೊಂದು ಕಾರಣ ರಾಡ್ ಮೇಲೆಯೇ ತೇಲಾಡುವಂತೆ ತೂಗಿರುವುದು. ಬಿಸಿನೀರು ಮೇಲೇರುತ್ತದೆ, ಸುರುಳಿಯ ಕೆಳಗಿನ ನೀರು ತಣ್ಣಗೇ ಉಳಿಯುತ್ತದೆ. ಸುರುಳಿ ಬಕೆಟ್ಟಿನ ತಳಕ್ಕೆ ತಾಗದೆ, ತಳದಿಂದ ಎರಡು ಮೂರು ಬೆರಳು ಮೇಲಿರಲಿ. ಪ್ಲಗ್ ಕಿತ್ತ ಮೇಲೆ ಒಮ್ಮೆ ನೀರು ಕಲಕಿದರೆ ನಿಜವಾದ ಬಿಸಿ ತಿಳಿಯುತ್ತದೆ.

ಬಿಳಿ ಸುಣ್ಣ ಮಾಡುವ ಹಾನಿ

ಕೊಳವೆಗೆ ಸುಣ್ಣ ಕಟ್ಟಿದ್ದರಿಂದಲೇ ನೀರು ತಡವಾಗಿ ಕಾಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅಷ್ಟು ಸರಿಯಲ್ಲ. ಎಷ್ಟು ವ್ಯಾಟ್ ಎಂಬುದನ್ನು ನಿರ್ಧರಿಸುವುದು ಒಳಗಿನ ತಂತಿಯ ರೋಧ. ಹೊರಗೆ ಸುಣ್ಣವಿದ್ದರೂ ಹುಟ್ಟಿದ ಬಿಸಿಗೆ ನೀರಿಗೆ ಹೋಗದೆ ಬೇರೆ ದಾರಿಯಿಲ್ಲ, ಹಾಗಾಗಿ ಸಮಯದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಸುಣ್ಣ ಮಾಡುವ ಹಾನಿ ಬೇರೆ. ಅದು ಬಿಸಿಯನ್ನು ತಡೆಹಿಡಿಯುವುದರಿಂದ ಒಳಗಿನ ತಂತಿ, ಕೊಳವೆ ಎರಡೂ ಮಿತಿ ಮೀರಿ ಕಾಯುತ್ತವೆ. ಸುಣ್ಣದಡಿ ಲೋಹ ಅಲ್ಲಲ್ಲಿ ಸವೆದು ಸೂಜಿತೂತಾಗುತ್ತದೆ. ರಾಡ್ ಬೇಗ ಸಾಯುತ್ತದೆ, ಸಾಯುವ ಮುನ್ನ ಸೋರುತ್ತದೆ.

ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುವುದೇ ಈ ಸುಣ್ಣ. ಮುಂಬೈಗೆ ಭಾತ್ಸಾ, ವೈತರಣಾ, ತಾನಸಾ ಜಲಾಶಯಗಳಿಂದ ಬರುವ ಮಳೆನೀರು ಮೆದು, ಅಲ್ಲಿ ಸುಣ್ಣ ಕಡಿಮೆ. ಪುಣೆಯಲ್ಲೂ ಖಡಕವಾಸ್ಲಾ ನೀರು ಬರುವ ಕಡೆ ತೊಂದರೆಯಿಲ್ಲ. ಬೋರ್‌ವೆಲ್, ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡ ವಾಘೋಲಿ, ಉಂಡ್ರಿಯಂಥ ಹೊರವಲಯಗಳಲ್ಲಿ ಒಂದೇ ಚಳಿಗಾಲದಲ್ಲಿ ಕೊಳವೆ ಬೆಳ್ಳಗಾಗಬಹುದು.

ತೆಗೆಯುವುದಕ್ಕೆ ಸಿಟ್ರಿಕ್ ಆಮ್ಲ ಸಾಕು. ನಮ್ಮಲ್ಲಿ ನಿಂಬೆ ಉಪ್ಪು ಅನ್ನುವುದು ಇದನ್ನೇ, ಪುಣೆ, ಮುಂಬೈನ ಕಿರಾಣಿಯಲ್ಲಿ ಲಿಂಬೂ ಫೂಲ್ ಎಂದು ಕೇಳಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ. ಸುರುಳಿ ಮಾತ್ರ ಮುಳುಗುವಷ್ಟು ಮಾಡಿಕೊಂಡು, ಹಿಡಿಕೆ ಒದ್ದೆಯಾಗದಂತೆ ಒಂದೆರಡು ಗಂಟೆ ಇಡಿ. ಗುಳ್ಳೆಗಳೇಳುತ್ತವೆ, ಅದು ಸುಣ್ಣ ಕರಗುವಾಗ ಬಿಡುವ ಇಂಗಾಲದ ಡೈಆಕ್ಸೈಡ್. ಗುಳ್ಳೆ ನಿಂತ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ತೊಳೆದು ಒಣಗಿಸಿ. ಚಾಕುವಿನಿಂದ ಕೆರೆಯುವುದು, ನೆಲಕ್ಕೆ ಬಡಿಯುವುದು ಬೇಡ, ಲೇಪ ಹೋಗಿ ತಾಮ್ರ ತೆರೆದುಕೊಳ್ಳುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ, ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ.

ಮೇನ್ ಬಿತ್ತು ಅಂದರೆ, ಯಾವುದು ಬಿತ್ತು?

ಬೋರ್ಡಿನಲ್ಲಿ ಕಿರಿದಾದ ಎಂಸಿಬಿಗಳ ಪಕ್ಕ ಸ್ವಲ್ಪ ಅಗಲವಾದ, ಟೆಸ್ಟ್ ಎಂಬ ಗುಂಡಿಯಿರುವ ಸಾಧನವಿದ್ದರೆ ಅದು ಆರ್‌ಸಿಸಿಬಿ. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಅದು ಕೆಲಸ ಮಾಡುವುದು ಉಡುಪಿ ಹೋಟೆಲಿನ ಗಲ್ಲಾದಂತೆ: ಅಡುಗೆಮನೆಯಿಂದ ಹೊರಗೆ ಹೋದ ತಟ್ಟೆಗಳಿಗೂ ಗಲ್ಲಾದಲ್ಲಿ ಬಂದ ಬಿಲ್ಲುಗಳಿಗೂ ತಾಳೆಯಾಗಬೇಕು, ಒಂದು ವ್ಯತ್ಯಾಸವಾದರೂ ಎಲ್ಲೋ ಸೋರಿದೆ ಎಂದರ್ಥ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ಮರಳಬೇಕು. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ, 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕರೆಂಟ್ ಕಡಿಯುತ್ತದೆ.

ಸ್ವಿಚ್ ಹಾಕಿದೊಡನೆ ಎಂಸಿಬಿ ಬಿದ್ದರೆ ಪ್ಲಗ್, ವಯರ್ ಅಥವಾ ರಾಡ್‌ನಲ್ಲಿ ಶಾರ್ಟ್ ಆಗಿದೆ. ಕೆಲವು ನಿಮಿಷ ಬಿಟ್ಟು ಬಿದ್ದರೆ ಭಾರ ಹೆಚ್ಚಾಗಿದೆ. ಒಂದೇ ಸಾಲಿನಲ್ಲಿ ರಾಡ್, ಇಂಡಕ್ಷನ್ ಒಲೆ, ಇಸ್ತ್ರಿ ಒಟ್ಟಿಗೆ ನಡೆಯುತ್ತಿರಬಹುದು. ಆರ್‌ಸಿಸಿಬಿ ಬಿದ್ದರೆ ಸೋರಿಕೆ. ಹಾಕಿದ ಕೂಡಲೇ ಬೀಳದೆ ಎರಡು ಮೂರು ನಿಮಿಷ ಬಿಟ್ಟು ಬೀಳುವುದೂ ಉಂಟು, ರಾಡ್ ಕಾದು ಹಿಗ್ಗಿದಾಗ ಬಿರುಕು ತೆರೆದುಕೊಳ್ಳುತ್ತದೆ.

ಮುಂಬೈ, ಗೋವಾದ ಮಳೆಗಾಲ ದಾಟಿ ಬಂದ ರಾಡ್, ಮೊದಲ ದಿನವೇ ಆರ್‌ಸಿಸಿಬಿ ಬೀಳಿಸಿದರೆ ಅದು ಪೂರ್ತಿ ಕೆಟ್ಟಿರಲೇಬೇಕೆಂದಿಲ್ಲ. ನಾಲ್ಕು ತಿಂಗಳ ತೇವ ಸೀಲಿನ ಮೂಲಕ ಬಿಳಿ ಪುಡಿಗೆ ಇಳಿದಿರಬಹುದು. ಎರಡು ದಿನ ಒಳ್ಳೆಯ ಬಿಸಿಲಿನಲ್ಲಿಟ್ಟು ಮೂರನೆಯ ಅಳತೆ ತೆಗೆದುಕೊಳ್ಳಿ. ಓಎಲ್‌ಗೆ ಮರಳಿ, ನೆನೆಸಿ ಅಳೆದಾಗಲೂ ಹಾಗೇ ಉಳಿದರೆ ಬಳಸಬಹುದು. ಇಲ್ಲದಿದ್ದರೆ ಬಿಸಾಡಿ. ಪದೇ ಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಅದು ಬಿದ್ದಾಗಲೆಲ್ಲ ತನ್ನ ಕೆಲಸವನ್ನೇ ಮಾಡಿದೆ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ, ತಕ್ಷಣ ಬೀಳದಿದ್ದರೆ ಬದಲಾಯಿಸಿ.

ನೀರು ಮುಟ್ಟಿದರೆ ಜುಮ್ ಅನ್ನುತ್ತದೆ

ಸಣ್ಣಗೆ ಜುಮ್ ಅನ್ನುವುದನ್ನು ಬಹಳ ಮನೆಗಳಲ್ಲಿ ಸಹಿಸಿಕೊಂಡೇ ಇರುತ್ತಾರೆ, ಚಪ್ಪಲಿ ಹಾಕಿಕೊಂಡು ರಾಡ್ ತೆಗೆಯುತ್ತಾರೆ. ಮೈಯಲ್ಲಿ 1 ಮಿಲಿಆಂಪಿಯರ್ ಹರಿದರೆ ಜುಮ್ ಅನ್ನುತ್ತದೆ. 10ರ ಆಸುಪಾಸಿಗೆ ಹೋದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. 30 ದಾಟಿದರೆ ಹೃದಯದ ಬಡಿತ ತಪ್ಪುವ ಅಪಾಯ ಶುರು. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದು ಹಿಡಿದರೆ 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಎಂಸಿಬಿಗೆ ಅದು ಲೆಕ್ಕಕ್ಕೇ ಸಿಗದಷ್ಟು ಸಣ್ಣ ಕರೆಂಟ್. ಇಂದಿನ ಜುಮ್‌ಗೂ ನಾಳೆಯ ಸಾವಿಗೂ ನಡುವೆ ಇರುವುದು ಒಣ ಚಪ್ಪಲಿ, ಒಣ ನೆಲ ಅಷ್ಟೇ.

ಪ್ಲಾಸ್ಟಿಕ್ ಬಕೆಟ್ ಇದ್ದರೆ ಭಯವಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಬಕೆಟ್ಟಿನ ಹೊರಗೋಡೆ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಸರಿ. ಒಳಗಿನ ನೀರಿಗೆ ಬಂದ ಕರೆಂಟ್ ಅಲ್ಲೇ ಇರುತ್ತದೆ, ನೆಲಕ್ಕಿಳಿಯಲು ದಾರಿಯಿಲ್ಲದೆ. ಬೆರಳು ಅದ್ದಿದ ಕೂಡಲೇ ನಿಮ್ಮ ಮೈಯೇ ಆ ದಾರಿಯಾಗುತ್ತದೆ. ಸ್ಟೀಲ್, ಅಲ್ಯೂಮಿನಿಯಂ, ತಾಮ್ರದ ಪಾತ್ರೆಯಲ್ಲಾದರೆ ಹೊರಗೋಡೆ ಮುಟ್ಟಿದರೂ ಸಾಕು, ಹಾಗಾಗಿ ಅವುಗಳಲ್ಲಿ ರಾಡ್ ಇಡಲೇಬಾರದು.

ಟೆಸ್ಟರ್ ಕೊಳವೆಗೆ ತಾಗಿಸಿದಾಗ ದೀಪ ಹತ್ತಿದರೆ ಅರ್ಥಿಂಗ್ ಇಲ್ಲ, ಅಥವಾ ಅರ್ಥಿಂಗೂ ಇಲ್ಲ, ಸೋರಿಕೆಯೂ ಇದೆ. ಯಾವುದೇ ಆದರೂ ಕೂಡಲೇ ನಿಲ್ಲಿಸಿ. ದೀಪ ಹತ್ತದಿದ್ದರೆ ಎಲ್ಲ ಸರಿ ಎಂದಲ್ಲ. ಟೆಸ್ಟರ್ ಉರಿಯುವುದು ನಿಮ್ಮ ಮೈಯ ಮೂಲಕ ಹರಿಯುವ ಅತಿ ಸಣ್ಣ ಕರೆಂಟಿನಿಂದ, ರಬ್ಬರ್ ಚಪ್ಪಲಿ ಹಾಕಿ ಒಣ ನೆಲದಲ್ಲಿ ನಿಂತರೆ ಅದು ಮಂಕಾಗಬಹುದು.

ಸ್ವಿಚ್ ಆರಿಸಿದ ಮೇಲೂ ಶಾಕ್ ಹೊಡೆದರೆ ಜನ ದಿಗಿಲುಬೀಳುತ್ತಾರೆ. ಕಾರಣ ಸರಳ: ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಯಲ್ಲಿ ಹಾಕಿರುತ್ತಾರೆ. ಸ್ವಿಚ್ ಆರಿಸಿದರೆ ರಾಡ್ ಕಾಯುವುದು ನಿಲ್ಲುತ್ತದೆ, ಆದರೆ ಫೇಸ್ ಅದರೊಳಗೆ ಬಂದು ನಿಂತೇ ಇರುತ್ತದೆ. ಹಳೆಯ ವಯರಿಂಗಿನಲ್ಲಿ ಇದು ಅಪರೂಪವಲ್ಲ. ಆದ್ದರಿಂದ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಈ ಅಭ್ಯಾಸವೊಂದನ್ನೇ ಮನೆಯ ಮಕ್ಕಳವರೆಗೂ ಕಲಿಸಿದರೆ ಬಹಳಷ್ಟು ಅನಾಹುತ ತಪ್ಪುತ್ತದೆ.

ಯಾರಿಗಾದರೂ ಕರೆಂಟ್ ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆರಿಸಿ. ಅದು ಸಾಧ್ಯವೇ ಇಲ್ಲದಿದ್ದರೆ ಒಣ ಕಟ್ಟಿಗೆ ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ದೂರ ತಳ್ಳಿ. 108 ಅಥವಾ 112ಕ್ಕೆ ಕರೆ ಮಾಡಿ, ಉಸಿರಾಟವಿಲ್ಲದಿದ್ದರೆ ನೆರವು ಬರುವವರೆಗೂ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತುತ್ತಿರಿ.

ಪ್ಲಗ್ ಸುಡುತ್ತಿದೆ

1500 ವ್ಯಾಟ್ ರಾಡ್ ಎಳೆಯುವುದು 6.5 ಆಂಪಿಯರ್, 2000 ವ್ಯಾಟ್‌ನದು 8.7. ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್. ದಪ್ಪ ಪಿನ್ನಿನ ಪ್ಲಗ್ಗನ್ನು ಕನ್ವರ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ, ಮೊಬೈಲ್ ಚಾರ್ಜರ್ ಹಾಕುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ತುರುಕುವುದರಿಂದಲೇ ಹೆಚ್ಚಿನ ಪ್ಲಗ್‌ಗಳು ಸುಡುವುದು. ಸಡಿಲಾದ ಸಂಪರ್ಕದಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡರೂ 21 ವ್ಯಾಟ್ ಬಿಸಿ ಅದೊಂದೇ ಬಿಂದುವಿನಲ್ಲಿ ಹುಟ್ಟುತ್ತದೆ, ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು. ಕಡಲ ಗಾಳಿಯಿರುವ ಕಡೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದೂ ಹೀಗಾಗುತ್ತದೆ, ನುಣುಪಾದ ಉಜ್ಜುಕಾಗದದಿಂದ ತಿಕ್ಕಿ ತೆಗೆಯಬಹುದು.

ಪ್ಲಗ್ ಬದಲಾಯಿಸುವಾಗ 16 ಆಂಪಿಯರಿನದೇ ತನ್ನಿ. ಸುಟ್ಟು ಕಪ್ಪಾದ ತಂತಿಯ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಸ್ಕ್ರೂ ಕೆಳಗೆ ಕೂರುವಷ್ಟು ಮಾತ್ರ ಸುಲಿಯಿರಿ. ಅರ್ಥಿಂಗ್ ತಂತಿಯನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ: ಯಾರಾದರೂ ವಯರ್ ಜಗ್ಗಿದರೆ ಕೊನೆಗೆ ಕಳಚಬೇಕಾದದ್ದು ಅದು. ವಯರ್ ಹಿಡಿಯುವ ಪಟ್ಟಿಯನ್ನು ಹೊರಗಿನ ಹೊದಿಕೆಯ ಮೇಲೆ ಬಿಗಿಯಿರಿ, ಒಳಗಿನ ಸಣ್ಣ ತಂತಿಗಳ ಮೇಲಲ್ಲ. ಪ್ಲಗ್ ಜೊತೆ ಸಾಕೆಟ್ಟೂ ಕಪ್ಪಾಗಿದ್ದರೆ ಅದನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಪ್ಲಗ್ ವಾರದಲ್ಲೇ ಸುಡುತ್ತದೆ.

ನೀರಿಲ್ಲದೆ ಉರಿದ ರಾಡ್

ನೀರು ಬಿಸಿಯನ್ನು ಹೊತ್ತೊಯ್ಯುವವರೆಗೆ ಮಾತ್ರ ಕೊಳವೆ ಕ್ಷೇಮ. ಗಾಳಿಯಲ್ಲಿ ಉರಿದರೆ ಅದು ಬಹಳ ಬೇಗ ಕೆಂಪಗಾಗುತ್ತದೆ. ಗಾಬರಿಯಲ್ಲಿ ಕೆಂಪಗಾದ ರಾಡ್ ಅನ್ನು ನೀರಿಗೆ ಅದ್ದಿದರೆ ಕೊಳವೆ ಸಿಡಿಯಬಹುದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು ತಾನಾಗಿ ಆರಲು ಬಿಡಿ. ಹೀಗೆ ಒಮ್ಮೆ ಉರಿದ ರಾಡ್ ಮತ್ತೆ ಕಾಯಿಸಬಹುದು, ಆದರೆ ಸೀಲ್ ಕರಗಿ, ಲೇಪ ಹೋಗಿರುತ್ತದೆ. ಅದನ್ನು ಮತ್ತೆ ನೀರಿಗೆ ಇಳಿಸದಿರುವುದೇ ಸರಿ.

ರಾಡ್‌ಗೆ ಥರ್ಮೋಸ್ಟಾಟ್ ಇಲ್ಲ, ಮರೆತರೆ ನೀರು ಕುದಿದು ಇಂಗಿ ಇದೇ ಸ್ಥಿತಿಗೆ ಬರುತ್ತದೆ. ಮೇಲಿನ ಲೆಕ್ಕದಂತೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಆರಿಸಿದ ಮೇಲೂ ಒಂದೆರಡು ನಿಮಿಷ ರಾಡ್ ನೀರಿನಲ್ಲೇ ಇರಲಿ. ಕೊಳವೆ ಬಕೆಟ್ಟಿನ ಗೋಡೆಗೆ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ, ನೀರು ಹಿಡಿಕೆಯ ಮೇಲಿನ ಗುರುತು ದಾಟಿದರೆ ಜೋಡಣೆಗೆ ನುಗ್ಗುತ್ತದೆ. ಬಚ್ಚಲುಮನೆಯ ಒದ್ದೆ ನೆಲಕ್ಕಿಂತ ಹೊರಗೆ ಒಣಗಿದ ಕಡೆ ಕಾಯಿಸಿ, ಪ್ಲಗ್ ಕಿತ್ತ ಮೇಲೆ ಬಕೆಟ್ ಒಳಗೆ ಒಯ್ಯುವುದು ಕ್ಷೇಮ.

ಹೊಸದು ತರುವಾಗ, ಹಳೆಯದನ್ನು ಬಿಸಾಡುವಾಗ

ಪ್ಲಗ್ ಮತ್ತು ವಯರ್ ಬಿಟ್ಟರೆ ರಾಡ್‌ನಲ್ಲಿ ರಿಪೇರಿ ಮಾಡುವಂಥದ್ದು ಏನೂ ಇಲ್ಲ. ವಯರನ್ನೂ ಹಿಡಿಕೆ ಸ್ಕ್ರೂನಿಂದ ತೆರೆಯುವಂತಿದ್ದರೆ ಮಾತ್ರ, ಐಎಸ್‌ಐ ಗುರುತಿನ ಮೂರು ತಂತಿಯ 1.5 ಚದರ ಮಿಲಿಮೀಟರ್ ವಯರ್ ಹಾಕಿ ಬದಲಾಯಿಸಿ. ಹಿಡಿಕೆಯನ್ನು ರಿವೆಟ್ ಹೊಡೆದು ಅಥವಾ ಅಂಟು ತುಂಬಿ ಮುಚ್ಚಿದ್ದರೆ ತೆರೆಯಬೇಡಿ, ಆ ಸೀಲನ್ನು ಮನೆಯಲ್ಲಿ ಮತ್ತೆ ಕೂರಿಸಲಾಗುವುದಿಲ್ಲ.

ಹೊಸದರಲ್ಲಿ ಐಎಸ್ 368 ಎಂಬ ಮಾನಕ ಸಂಖ್ಯೆ, ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇವೆಯೇ ನೋಡಿ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಯಾವ ವಸ್ತುವಿಗೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲಿ ನಿಂತಲ್ಲೇ ತಿಳಿಯುತ್ತದೆ. ಫುಟ್‌ಪಾತಿನ ಗಾಡಿಯಲ್ಲಿ ಎರಡು ಪಿನ್ನಿನ ಪ್ಲಗ್ ಹಾಕಿ ಮಾರುವ ರಾಡ್‌ಗಳನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ, ಅವುಗಳಲ್ಲಿ ಅರ್ಥಿಂಗ್‌ಗೆ ದಾರಿಯೇ ಇಲ್ಲ.

ಹಳೆಯದನ್ನು ಭಂಗಾರವಾಲಾನಿಗೆ ಹಾಕುವ ಮುನ್ನ ಹಿಡಿಕೆಯ ಬುಡದಲ್ಲೇ ವಯರ್ ಕತ್ತರಿಸಿಬಿಡಿ. ತಾಮ್ರಕ್ಕೆ ಬೆಲೆ ಹೇಗೂ ಸಿಗುತ್ತದೆ. ವಯರ್ ಇದ್ದರೆ ಯಾರಾದರೂ ಅದನ್ನು ಎತ್ತಿಕೊಂಡು ಹೋಗಿ, ಸಾಕೆಟ್ಟಿಗೆ ಹಚ್ಚಿ, ನೀರು ಕಾಯುತ್ತಿದೆಯೆಂದು ಬಳಸತೊಡಗುತ್ತಾರೆ.